ಕಸದ ಯೋಜನೆಗೆ ಫ್ರಾನ್ಸ್, ಜರ್ಮನಿ ದುಡ್ಡು: ಬೆಳಗಾವಿಯವರು ಹೆದರಬೇಕಾ?

ಪ್ರಶ್ನೆ: ಮೇಡಂ, ನಾನು ಬೆಳಗಾವಿಯ ಟಿಳಕವಾಡಿಯವನು, ನಿವೃತ್ತ ಹೈಸ್ಕೂಲ್ ಶಿಕ್ಷಕ. ನಮ್ಮ ಊರಿನ ಕಸದ ಯೋಜನೆಗೆ ಫ್ರಾನ್ಸ್, ಜರ್ಮನಿ, ಯುರೋಪಿಯನ್ ಯೂನಿಯನ್ ಕೈಜೋಡಿಸಿವೆ ಅಂತ ಓದಿದೆ. ಬೆಳಿಗ್ಗೆ ವಾಕಿಂಗ್ ಬರುವ ಗೆಳೆಯರಲ್ಲಿ ಇದೇ ಚರ್ಚೆ. ಒಬ್ಬರು, ಊರನ್ನೇ ಅಡ ಇಟ್ಟರು, ಇನ್ನು ಸಾಲ ತೀರಿಸಲು ಮನೆ ತೆರಿಗೆ ಏರಿಸುತ್ತಾರೆ ಅಂತಾರೆ. ಇನ್ನೊಬ್ಬರು, ಇದೆಲ್ಲ ಅಧಿಕಾರಿಗಳ ಫಾರಿನ್ ಟೂರಿಗೆ ಅಂತಾರೆ. ಬೆಂಗಳೂರಿನಲ್ಲಿರುವ ನನ್ನ ಮಗ, ನಮ್ಮಲ್ಲೂ ಸಿ40 ಅಂತ ಏನೋ ಸೇರಿ ವರ್ಷಗಳಾದವು, ಮಳೆ ಬಂದರೆ ರಸ್ತೆಯಲ್ಲಿ ನೀರು ನಿಲ್ಲುವುದು ತಪ್ಪಿಲ್ಲ ಅಂತಾನೆ. ಹಿಂದೆ 24 ತಾಸು ನೀರಿನ ಯೋಜನೆ ಬಂದಾಗಲೂ ಫ್ರಾನ್ಸಿನ ಕಂಪನಿ ನಮ್ಮ ನೀರು ಕಸಿಯುತ್ತದೆ ಅಂತ ಗಲಾಟೆ ಆಗಿತ್ತು. ಈಗ ಕಸದ ಸರದಿ. ಇದರಲ್ಲಿ ನಿಜ ಎಷ್ಟು? ನಾವು ವಿರೋಧಿಸಬೇಕಾ, ಸುಮ್ನೆ ಇರಬೇಕಾ? ಒಪ್ಪಂದದ ಕಾಗದ ನಮ್ಮಂಥವರಿಗೆ ನೋಡಲು ಸಿಗುತ್ತದಾ?

ಉತ್ತರ: ನಮಸ್ಕಾರ ಸರ್. ನಿಮ್ಮ ಪತ್ರದಲ್ಲಿ ನಾಲ್ಕು ಭಯ ಇವೆ. ಸಾಲದ ಹೊರೆ, ತೆರಿಗೆ ಏರಿಕೆ, ಊರು ಹೊರಗಿನ ಕಂಪನಿಯ ಕೈಗೆ ಹೋಗುವುದು, ಮತ್ತು ಇಷ್ಟೆಲ್ಲ ಆದ ಮೇಲೂ ಏನೂ ಬದಲಾಗದಿರುವುದು. ಮೊದಲ ಮೂರರ ಬಗ್ಗೆ ಜಾಸ್ತಿ ಮಾತಾಗುತ್ತದೆ. ನಾನು ಪಾಲಿಕೆಗಳ ಯೋಜನಾ ಘಟಕಗಳಲ್ಲಿ ಕೂತು ಇಂಥ ಒಪ್ಪಂದ, ಟೆಂಡರ್ ಕಾಗದಗಳನ್ನು ಓದುವ ಕೆಲಸವನ್ನೇ ವರ್ಷಗಟ್ಟಲೆ ಮಾಡಿದವಳು. ನನ್ನ ಅನುಭವದಲ್ಲಿ ನಿಜಕ್ಕೂ ಹೆದರಬೇಕಾದದ್ದು ನಾಲ್ಕನೆಯದಕ್ಕೆ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು, ನಿಮ್ಮೂರು ಸೇರಿರುವುದು ಯಾವುದಕ್ಕೆ ಅಂತ ಸ್ಪಷ್ಟ ಮಾಡಿಕೊಳ್ಳೋಣ.

ಇದರ ಹೆಸರು ಸಿಟೀಸ್ 2.0. ಕೇಂದ್ರ ಸಚಿವ ಸಂಪುಟ 2023ರ ಮೇ ಕೊನೆಯಲ್ಲಿ ಒಪ್ಪಿಗೆ ಕೊಟ್ಟ ಕಾರ್ಯಕ್ರಮ. ಫ್ರಾನ್ಸಿನ ಎಎಫ್‌ಡಿ ಮತ್ತು ಜರ್ಮನಿಯ ಕೆಎಫ್‌ಡಬ್ಲ್ಯೂ, ಎರಡೂ ಆಯಾ ಸರ್ಕಾರದ ಸಾಲ ಕೊಡುವ ಸಂಸ್ಥೆಗಳು, ತಲಾ 10 ಕೋಟಿ ಯುರೋ ಸಾಲ ಕೊಡುತ್ತವೆ. ಯುರೋಪಿಯನ್ ಯೂನಿಯನ್ ಕೊಡುವುದು 1.2 ಕೋಟಿ ಯುರೋ ತಾಂತ್ರಿಕ ನೆರವು. ಅದನ್ನು ವಾಪಸ್ ಕೊಡಬೇಕಾಗಿಲ್ಲ. ಒಟ್ಟು ಸೇರಿ ಸುಮಾರು 1,866 ಕೋಟಿ ರೂಪಾಯಿ. ದೆಹಲಿಯ ಎನ್‌ಐಯುಎ, ಅಂದರೆ ರಾಷ್ಟ್ರೀಯ ನಗರ ವ್ಯವಹಾರಗಳ ಸಂಸ್ಥೆ, ಇದರ ಉಸ್ತುವಾರಿ ನೋಡುತ್ತದೆ. ಸ್ಮಾರ್ಟ್ ಸಿಟಿಗಳ ನಡುವೆ ಸ್ಪರ್ಧೆ ಇಟ್ಟು 18 ನಗರಗಳನ್ನು ಆರಿಸಿದರು, ಅದರಲ್ಲಿ ಬೆಳಗಾವಿಯೂ ಒಂದು. 2025ರ ಮಾರ್ಚ್‌ನಲ್ಲಿ ಜೈಪುರದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ವಿಷಯ ಒಂದೇ: ಕಸ, ಅದನ್ನು ಬೇರ್ಪಡಿಸುವುದು, ಮತ್ತೆ ಬಳಕೆಗೆ ತರುವುದು.

ಜನ ಎಲ್ಲ ವಿದೇಶಿ ಒಪ್ಪಂದಗಳನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತಾರೆ. ಅಲ್ಲೇ ಗೊಂದಲ ಶುರು. ಸೋದರಿ ನಗರ ಅಂತ ಒಂದಿದೆ, ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೋ ಜೊತೆ, ಮೈಸೂರು ಸಿನ್ಸಿನಾಟಿ ಜೊತೆ ಮಾಡಿಕೊಂಡಿದ್ದು. ಅದರಲ್ಲಿ ದುಡ್ಡಿನ ಮಾತು ಸಾಮಾನ್ಯವಾಗಿ ಇರುವುದಿಲ್ಲ, ಸ್ನೇಹ, ಸಂಸ್ಕೃತಿ, ವ್ಯಾಪಾರದ ಮಾತು. ನಗರಗಳ ಜಾಲ ಅಂತ ಇನ್ನೊಂದು. ನಿಮ್ಮ ಮಗ ಹೇಳಿದ ಸಿ40 ಅಂಥದ್ದು, ಹವಾಮಾನ ಬದಲಾವಣೆಯ ಕೆಲಸಕ್ಕೆ ಕೂಡಿದ ನಗರಗಳ ಗುಂಪು, 2005ರಲ್ಲಿ ಲಂಡನ್ನಿನ ಆಗಿನ ಮೇಯರ್ ಕೆನ್ ಲಿವಿಂಗ್‌ಸ್ಟನ್ ಶುರು ಮಾಡಿದ್ದು, ಈಗ ನೂರರ ಹತ್ತಿರ ನಗರಗಳಿವೆ. ಅದಕ್ಕೆ ಚಂದಾ ಕಟ್ಟಬೇಕಾಗಿಲ್ಲ, ಅದರ ಖರ್ಚನ್ನು ದೊಡ್ಡ ದತ್ತಿ ಸಂಸ್ಥೆಗಳು ನೋಡಿಕೊಳ್ಳುತ್ತವೆ. 1990ರಲ್ಲಿ ಹುಟ್ಟಿದ ಇಕ್ಲೀ ಎಂಬ ಜಾಲಕ್ಕೆ ಮಾತ್ರ ವರ್ಷದ ಚಂದಾ ಇದೆ. ಇವು ಪರಿಣತರನ್ನು ಕೊಡುತ್ತವೆ, ಲೆಕ್ಕ ಹಾಕುವ ವಿಧಾನ ಕೊಡುತ್ತವೆ, ಬೇರೆ ಊರಿನವರ ಪರಿಚಯ ಮಾಡಿಸುತ್ತವೆ. ಪೈಪು ಹಾಕಲು, ಚರಂಡಿ ಕಟ್ಟಲು ದುಡ್ಡು ಕೊಡುವುದಿಲ್ಲ. ಮೂರನೆಯದು ಸಾಲದ ಯೋಜನೆ. ನಿಮ್ಮದು ಈ ಗುಂಪಿನದು, ಜೊತೆಗೆ ಸ್ವಲ್ಪ ತಾಂತ್ರಿಕ ನೆರವೂ ಸೇರಿದೆ.

ಈಗ ಊರು ಅಡ ಇಟ್ಟರು ಎಂಬ ಮಾತಿಗೆ ಬರೋಣ. ಇದು ಆಗದ ಕೆಲಸ ಸರ್. ಸಂವಿಧಾನದ 293ನೇ ವಿಧಿಯಂತೆ ರಾಜ್ಯ ಸರ್ಕಾರ ಕೂಡ ಸಾಲ ಎತ್ತಬಹುದಾದದ್ದು ಭಾರತದ ಒಳಗೆ ಮಾತ್ರ. ವಿಶ್ವಬ್ಯಾಂಕ್, ಎಡಿಬಿ ಅಂದರೆ ಏಷ್ಯಾ ಅಭಿವೃದ್ಧಿ ಬ್ಯಾಂಕ್, ಜಪಾನಿನ ಜೈಕಾ, ಯಾರೇ ಕೊಟ್ಟರೂ ಸಹಿ ಹಾಕುವುದು ಕೇಂದ್ರ ಹಣಕಾಸು ಸಚಿವಾಲಯ, ಹೊರಗಿನವರಿಗೆ ತೀರಿಸುವ ಹೊಣೆಯೂ ಕೇಂದ್ರದ್ದು. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಊರಿಗೆ ದುಡ್ಡು ಇಳಿದು ಬರುತ್ತದೆ. ಬೆಂಗಳೂರಿಗೆ ಕಾವೇರಿ ಐದನೇ ಹಂತದಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆಗೆ ಜೈಕಾ ಸಾಲ ಬಂದದ್ದು ಹೀಗೆಯೇ, ಮಂಗಳೂರು ಕಡೆಯ ಕುಡ್ಸೆಂಪ್ ಎಂಬ ಕರಾವಳಿ ನಗರಾಭಿವೃದ್ಧಿ ಕಾಮಗಾರಿಗೆ ಎಡಿಬಿ ದುಡ್ಡು ಬಂದದ್ದೂ ಹೀಗೆಯೇ. ಪಾಲಿಕೆಯ ಕಟ್ಟಡವನ್ನೋ ಜಾಗವನ್ನೋ ವಿದೇಶಿ ಬ್ಯಾಂಕಿಗೆ ಬರೆದುಕೊಡುವ ಪ್ರಶ್ನೆ ಇದರಲ್ಲಿ ಎಲ್ಲೂ ಬರುವುದಿಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ಯೋಜನೆಗಳಲ್ಲಿ ರಾಜ್ಯವು ದುಡ್ಡಿನ ಒಂದು ಭಾಗವನ್ನು ಊರಿಗೆ ಸಾಲವಾಗಿಯೇ ದಾಟಿಸುತ್ತದೆ. ಆ ಭಾಗವನ್ನು ಪಾಲಿಕೆ ಕಟ್ಟಲೇಬೇಕು. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ, ಬೆಳಗಾವಿಗೆ ಬರುವ ದುಡ್ಡಿನಲ್ಲಿ ಅನುದಾನ ಎಷ್ಟು, ಪಾಲಿಕೆಯ ಪಾಲು ಎಷ್ಟು, ಆ ಪಾಲು ಯಾವ ಖಾತೆಯಿಂದ ಬರುತ್ತದೆ ಅಂತ. ಈ ಮೂರು ಅಂಕಿ ಸಿಕ್ಕಿದರೆ ಅಡದ ಮಾತಿಗೆ ಅಲ್ಲೇ ತೆರೆ ಬೀಳುತ್ತದೆ, ಇಲ್ಲವೇ ಎಲ್ಲಿ ಎಚ್ಚರ ಬೇಕು ಅಂತ ಗೊತ್ತಾಗುತ್ತದೆ.

ತೆರಿಗೆಯ ವಿಷಯ. ನಿಮ್ಮ ಗೆಳೆಯರ ಊಹೆಯಲ್ಲಿ ಅರ್ಧ ತಪ್ಪಿದೆ, ಅರ್ಧ ಸರಿ ಇದೆ. ಮನೆ ತೆರಿಗೆ ಏರಿಸಿ ಅನ್ನುವ ಒತ್ತಡ ಜಾಸ್ತಿ ಬರುವುದು ನಮ್ಮ ದೇಶದ ಒಳಗಿನಿಂದಲೇ. 15ನೇ ಹಣಕಾಸು ಆಯೋಗ, ಊರುಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿ ಮಾಡಿ, ವಸೂಲಿಯನ್ನು ರಾಜ್ಯದ ಆರ್ಥಿಕತೆ ಬೆಳೆದ ಹಾಗೆ ಬೆಳೆಸಿ ಅಂತ ಷರತ್ತು ಹಾಕಿತು. ಸಿಟೀಸ್ ಇಲ್ಲದಿದ್ದರೂ ಆ ಷರತ್ತು ಇದ್ದೇ ಇರುತ್ತಿತ್ತು. ಸರಿಯಾದ ಅರ್ಧ ಯಾವುದೆಂದರೆ ಬಳಕೆ ಶುಲ್ಕ. ಸಾಲ ಕೊಡುವವರು ಯಾರೇ ಇರಲಿ, ಘಟಕ ನಡೆಸುವ ಖರ್ಚು ಎಲ್ಲಿಂದ ಬರುತ್ತದೆ ಅಂತ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ಅದಕ್ಕೆ ಉತ್ತರವಾಗಿ ಕಸದ ಶುಲ್ಕ ಏರಬಹುದು. ಏರಿದರೆ ಅದನ್ನು ತೀರ್ಮಾನಿಸುವುದು ನಮ್ಮ ಸರ್ಕಾರ ಮತ್ತು ಪಾಲಿಕೆ, ಅಂದರೆ ನಿಮ್ಮ ಕಾರ್ಪೊರೇಟರ್‌ಗೆ ಅಲ್ಲಿ ಬಾಯಿ ಇದೆ. ಆ ಚರ್ಚೆ ಘಟಕ ಕಟ್ಟುವ ಮೊದಲೇ ಆಗಬೇಕು, ಬಿಲ್ ಕೈಗೆ ಬಂದ ಮೇಲಲ್ಲ.

ಇನ್ನು ಹೊರಗಿನ ಕಂಪನಿಯ ಭಯ. ನಿಮ್ಮೂರಿಗೆ ಇದರ ನೆನಪು ಹಸಿಯಾಗಿಯೇ ಇದೆ, ನನಗೆ ಅರ್ಥವಾಗುತ್ತದೆ. 2004ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಯಿತು, ನಡೆಸಲು ಫ್ರಾನ್ಸಿನ ವಿಯೋಲಿಯಾ ಗುಂಪಿನ ಕಂಪನಿ ಬಂತು. ನೀರು ಮಾರಾಟಕ್ಕಿಟ್ಟರು ಅಂತ ಜನ ಬೀದಿಗಿಳಿದರು. ಆ ವಿರೋಧ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ದರ, ಬಡವರ ಮನೆಯ ಸಂಪರ್ಕ, ಮೀಟರ್ ಇವೆಲ್ಲ ಚರ್ಚೆಗೆ ಬಂದದ್ದು ಅದರಿಂದಲೇ. ಆದರೆ ನೀರಿನ ಮೂಲ, ಪೈಪು, ದರ ನಿಗದಿ ಮಾಡುವ ಅಧಿಕಾರ ಇವು ಸರ್ಕಾರದ ಕೈಯಲ್ಲೇ ಉಳಿದವು. ಕಂಪನಿಗೆ ಇದ್ದದ್ದು ಒಂದು ಅವಧಿಗೆ ಕಟ್ಟಿ ನಡೆಸುವ ಗುತ್ತಿಗೆ.

ಫಲ ಏನಾಯಿತು ಅನ್ನುವುದನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಲ್ಲಿ ನೀರು ಪರೀಕ್ಷಿಸಿ ನೋಡಿದ್ದಾರೆ. ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಾದರಿಯಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತು. ಸದಾ ನೀರಿರುವ ವಾರ್ಡುಗಳಲ್ಲಿ ನೂರರಲ್ಲಿ ಒಂದಕ್ಕಿಂತ ಕಡಿಮೆ. ಕಾರಣ ಸರಳ. ಪೈಪು ಖಾಲಿಯಾದಾಗ ಅದರೊಳಗೆ ಒತ್ತಡ ಇರುವುದಿಲ್ಲ, ಬಿರುಕಿನಿಂದ ಪಕ್ಕದ ಚರಂಡಿ ನೀರು ಒಳಗೆ ಸೇರುತ್ತದೆ. ಪೈಪು ಸದಾ ತುಂಬಿದ್ದರೆ ನೀರು ಹೊರಗೆ ಸೋರಬಹುದು, ಕೊಳೆ ಒಳಗೆ ಬರುವುದಿಲ್ಲ. ಆದರೂ 2015ರ ಇನ್ನೊಂದು ಅಧ್ಯಯನದಲ್ಲಿ ಚಿಕ್ಕ ಮಕ್ಕಳ ಭೇದಿ ಒಟ್ಟಾರೆ ಅಷ್ಟೇನೂ ಕಡಿಮೆಯಾಗಿರಲಿಲ್ಲ, ಕಡಿಮೆ ಆದಾಯದ ಮನೆಗಳಲ್ಲಿ ರಕ್ತಭೇದಿ ಮಾತ್ರ ಇಳಿದಿತ್ತು. ಅಂದರೆ ಯೋಜನೆ ಊರನ್ನು ಮಾರಲಿಲ್ಲ, ಹೇಳಿಕೊಂಡಷ್ಟು ಪವಾಡವನ್ನೂ ಮಾಡಲಿಲ್ಲ. ದೊಡ್ಡ ನಷ್ಟ ಆದದ್ದು ಬೇರೆ ಕಡೆ. ಕೆಲವೇ ವಾರ್ಡುಗಳಲ್ಲಿ ಚೆನ್ನಾಗಿ ನಡೆದದ್ದನ್ನು ಉಳಿದ ವಾರ್ಡುಗಳಿಗೆ ಒಯ್ಯುವ ಕೆಲಸ ವರ್ಷಗಟ್ಟಲೆ ಎಳೆಯಿತು. ಪಕ್ಕದ ಓಣಿಯವರು ಕೊಡ ಹಿಡಿದು ಕಾಯುವುದು ಮುಂದುವರಿಯಿತು.

ಕಸದಲ್ಲಿ ಹೊರಗಿನ ತಂತ್ರಜ್ಞಾನ ಕೈಕೊಟ್ಟ ಕಥೆ ಇದಕ್ಕಿಂತ ಹಳೆಯದು, ನೀವು ಅದನ್ನು ತಿಳಿದಿರಲೇಬೇಕು. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ನೆರವಿನಿಂದ ಕಸ ಸುಟ್ಟು ಕರೆಂಟ್ ತೆಗೆಯುವ ಘಟಕ ಕಟ್ಟಿದರು. ದಿನಕ್ಕೆ 300 ಟನ್ ಕಸ ಸುಡುವ ಲೆಕ್ಕ. ಅದು ಓಡಿದ್ದು 21 ದಿನ ಮಾತ್ರ. ಯಂತ್ರ ಕೆಟ್ಟದ್ದಾಗಿರಲಿಲ್ಲ. ಅದನ್ನು ರೂಪಿಸಿದ್ದು ಕಾಗದ, ಪ್ಲಾಸ್ಟಿಕ್ ಜಾಸ್ತಿ ಇರುವ ಒಣ ಕಸಕ್ಕೆ. ನಮ್ಮ ಕಸದಲ್ಲಿ ಅರ್ಧದಷ್ಟು ತರಕಾರಿ ಸಿಪ್ಪೆ, ಅನ್ನ, ಎಲೆ, ಜೊತೆಗೆ ಮಣ್ಣು. ಘಟಕಕ್ಕೆ ಬೇಕಾದ ಶಾಖದ ಅರ್ಧದಷ್ಟೂ ಆ ಕಸದಲ್ಲಿರಲಿಲ್ಲ, ಉರಿ ಹಿಡಿಯಲು ಹೊರಗಿನಿಂದ ಇಂಧನ ಸುರಿಯಬೇಕಾಯಿತು. ಯಾವ ಕಸ ಬರುತ್ತದೆ ಅಂತ ನೋಡದೆ ಯಂತ್ರ ತಂದರೆ ಹೀಗಾಗುತ್ತದೆ. ಈಗಲೂ ಗ್ಯಾಸ್ ಘಟಕಗಳು ಇದೇ ಕಾರಣಕ್ಕೆ ನಿಲ್ಲುತ್ತವೆ: ಹಸಿ ಕಸದ ಜೊತೆ ಪ್ಲಾಸ್ಟಿಕ್ ಚೀಲ, ಬಟ್ಟೆ, ಗಾಜು ಬಂದರೆ ಟ್ಯಾಂಕು ಕಟ್ಟಿಕೊಳ್ಳುತ್ತದೆ. ಬೆಳಗಾವಿಯ ಘಟಕಕ್ಕೆ ಯಾವ ಯಂತ್ರ ಅನ್ನುವುದಕ್ಕಿಂತ, ಟಿಳಕವಾಡಿ, ಶಹಾಪುರ, ವಡಗಾವಿಯ ಮನೆಗಳಿಂದ ಬರುವ ಕಸವನ್ನು ಮಳೆಗಾಲದಲ್ಲೂ ಬೇಸಿಗೆಯಲ್ಲೂ ತೂಗಿ, ಬಿಡಿಸಿ ನೋಡಿದ್ದಾರಾ ಅನ್ನುವುದು ಮುಖ್ಯ ಪ್ರಶ್ನೆ.

ಈಗ ನಾಲ್ಕನೇ ಭಯ, ಏನೂ ಆಗದಿರುವುದು. ಇದಕ್ಕೆ ನಿಮ್ಮ ಮಗ ಹೇಳಿದ ಬೆಂಗಳೂರೇ ಉದಾಹರಣೆ.

ಬೆಂಗಳೂರು ಸಿ40 ಜೊತೆ, ಡಬ್ಲ್ಯೂಆರ್‌ಐ ಇಂಡಿಯಾ ಎಂಬ ಸಂಶೋಧನಾ ಸಂಸ್ಥೆಯ ತಾಂತ್ರಿಕ ನೆರವಿನಿಂದ ಹವಾಮಾನ ಕ್ರಿಯಾ ಯೋಜನೆ ಮಾಡಿ 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. 2050ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆ, ಅಂದರೆ ಗಾಳಿಗೆ ಬಿಡುವ ಇಂಗಾಲವೂ ಹೀರಿಕೊಳ್ಳುವ ಇಂಗಾಲವೂ ಸರಿಸಮ ಆಗುವುದು, ಅದರ ಗುರಿ. ಯೋಜನೆ ನಾನು ಓದಿದ್ದೇನೆ, ಒಳ್ಳೆಯ ಕೆಲಸ. ಎಲ್ಲಿ ಶಾಖ ಜಾಸ್ತಿ, ಎಲ್ಲಿ ನೀರು ನಿಲ್ಲುತ್ತದೆ, ಯಾವುದರಿಂದ ಎಷ್ಟು ಹೊಗೆ ಅನ್ನುವ ಲೆಕ್ಕ ಒಂದೇ ಕಡೆ ಸಿಕ್ಕಿತು. 2024ರಲ್ಲಿ ಪಾಲಿಕೆಯಲ್ಲಿ ಒಂದು ಹವಾಮಾನ ಘಟಕ, ಯುವಕರಿಗೆ ಫೆಲೋಶಿಪ್ ಕೂಡ ಶುರುವಾದವು. ಆದರೆ ಯೋಜನೆಗೆ ಸಹಿ ಹಾಕಿದ ಬಿಬಿಎಂಪಿ ಕೈಯಲ್ಲಿ ಏನಿತ್ತು ನೋಡಿ. ನೀರು, ಒಳಚರಂಡಿ ಜಲಮಂಡಳಿಯದು. ಬಸ್ಸು ಬಿಎಂಟಿಸಿಯದು. ಕರೆಂಟ್ ಬೆಸ್ಕಾಂನದು. ಬಡಾವಣೆಗಳ ನಕ್ಷೆ ಬಿಡಿಎಯದು. 1992ರ 74ನೇ ತಿದ್ದುಪಡಿಯಲ್ಲಿ ಊರುಗಳಿಗೆ 18 ಕೆಲಸ ವಹಿಸಬಹುದು ಅಂತ ಪಟ್ಟಿ ಮಾಡಿದ್ದರೂ ಅದರಲ್ಲಿ ಎಷ್ಟೋ ರಾಜ್ಯದ ಮಂಡಳಿಗಳಲ್ಲೇ ಉಳಿದಿವೆ. ಲಂಡನ್ನಿನಲ್ಲಿ ಬಸ್ಸು, ಮೆಟ್ರೋ ಮೇಯರ್ ಅಧೀನದಲ್ಲಿವೆ, ಮೇಯರ್ ನಾಲ್ಕು ವರ್ಷ ಇರುತ್ತಾರೆ. ಇಲ್ಲಿ 2020ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಚುನಾಯಿತ ಪಾಲಿಕೆಯೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಒಂದೇ ಪಾಲಿಕೆ ಮಾಡಿದ ಯೋಜನೆಯನ್ನು ಈಗ ಐವರು ಹಂಚಿಕೊಂಡು ಹೊರಬೇಕು. ರಸ್ತೆಯಲ್ಲಿ ನೀರು ನಿಂತರೆ ಅದು ರಾಜಕಾಲುವೆ, ಒತ್ತುವರಿ, ಕೆರೆ, ಡಾಂಬರು ಎಲ್ಲ ಸೇರಿದ ವಿಷಯ. ಹೊರಗಿನ ಜಾಲ ಅದನ್ನು ತೋರಿಸಿಕೊಡಬಹುದು, ಒತ್ತುವರಿ ಬಿಡಿಸಲು ಬರುವುದಿಲ್ಲ. ನಿಮ್ಮ ಮಗನ ಬೇಸರ ನ್ಯಾಯವಾದದ್ದೇ, ಆದರೆ ಅದರ ವಿಳಾಸ ಸಿ40 ಅಲ್ಲ.

ಬೆಳಗಾವಿಗೂ ಇದರ ಇನ್ನೊಂದು ರೂಪ ಇದೆ. 2021ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಪಾಲಿಕೆಗೆ ಚುನಾವಣೆ ಆಯಿತು, ಮೇಯರ್ ಕುರ್ಚಿಗೆ ಬಂದದ್ದು 2023ರ ಫೆಬ್ರುವರಿಯಲ್ಲಿ. ಬಂದ ಮೇಯರ್‌ಗೂ ಒಂದೇ ವರ್ಷ. ಇಂಥ ಯೋಜನೆಗಳು ನಾಲ್ಕೈದು ವರ್ಷದವು. ಅಷ್ಟರಲ್ಲಿ ಮೇಯರ್ ಬದಲಾಗುತ್ತಾರೆ, ಆಯುಕ್ತರು ವರ್ಗವಾಗುತ್ತಾರೆ, ಸಲಹೆಗಾರ ಕಂಪನಿಯ ಹುಡುಗರೂ ಕೆಲಸ ಬಿಟ್ಟು ಹೋಗುತ್ತಾರೆ. ಹೊಸಬರು ಕಡತ ತೆಗೆದು ಮೊದಲಿಂದ ಓದುತ್ತಾರೆ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗಿದೆ, ಯಾಕೆಂದರೆ ಎಲ್ಲರೂ ದುಡಿದಿರುತ್ತಾರೆ, ಕೆಲಸ ಮಾತ್ರ ಮುಂದೆ ಹೋಗಿರುವುದಿಲ್ಲ. ಇದರ ಮೇಲೆ ಇಂಥ ಕೆಲಸ ಪಾಲಿಕೆಯ ಬದಲು ಸ್ಮಾರ್ಟ್ ಸಿಟಿ ಕಂಪನಿಯ, ಅಂದರೆ ಸ್ಮಾರ್ಟ್ ಸಿಟಿ ಕೆಲಸಕ್ಕೆಂದೇ ಊರಲ್ಲಿ ಕಟ್ಟಿದ ಸರ್ಕಾರಿ ಕಂಪನಿಯ, ಮೂಲಕ ನಡೆಯುತ್ತದೆ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಕಟ್ಟಿದ್ದನ್ನು ಕಂಪನಿ ಪಾಲಿಕೆಗೆ ಯಾವಾಗ, ಯಾವ ಸ್ಥಿತಿಯಲ್ಲಿ ಒಪ್ಪಿಸುತ್ತದೆ ಅನ್ನುವುದು ಕಾಗದದಲ್ಲಿ ಇರಬೇಕು.

ಇನ್ನೊಂದು ಕಾರಣ ದುಡ್ಡಿನ ಸ್ವಭಾವದಲ್ಲೇ ಇದೆ. ಕಸದ ಕೆಲಸದಲ್ಲಿ ಬಹುಪಾಲು ಖರ್ಚು ದಿನದಿನದ್ದು, ಪೌರಕಾರ್ಮಿಕರ ಸಂಬಳ, ಗಾಡಿಯ ಡೀಸೆಲ್, ಟೈರು, ರಿಪೇರಿ, ಘಟಕದ ಕರೆಂಟ್ ಬಿಲ್. ವಿದೇಶಿ ಸಾಲ ಬರುವುದು ಮುಖ್ಯವಾಗಿ ಕಟ್ಟಡಕ್ಕೆ, ಯಂತ್ರಕ್ಕೆ, ಗಾಡಿ ಕೊಳ್ಳುವುದಕ್ಕೆ. ಮದುವೆ ಖರ್ಚು ಅವರದು, ಸಂಸಾರದ ಖರ್ಚು ನಮ್ಮದು. ಯೋಜನೆ ಮುಗಿದ ಮರುವರ್ಷ ಪಾಲಿಕೆಯ ಬಜೆಟ್‌ನಲ್ಲಿ ನಿರ್ವಹಣೆಗೆ ಒಂದು ಸಾಲು ಇಲ್ಲದಿದ್ದರೆ ಘಟಕಕ್ಕೆ ಬೀಗ ಬೀಳುತ್ತದೆ. ಗೊಬ್ಬರ ಆಯಿತು ಅಂದರೆ ಕೊಳ್ಳುವ ರೈತ ಬೇಕು, ಅದರಲ್ಲಿ ಗಾಜಿನ ಚೂರಿದ್ದರೆ ಅವನು ಎರಡನೇ ಸಲ ಬರುವುದಿಲ್ಲ. ಸುಡಲು ಯೋಗ್ಯವಾದ ಒಣ ಕಸವನ್ನು ಬಾಗಲಕೋಟೆ, ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಕಳಿಸಬಹುದು ಅಂತ ಕಾಗದದಲ್ಲಿ ಬರೆಯುವುದು ಸುಲಭ, ಲಾರಿ ಬಾಡಿಗೆ ಕೊಡುವವರು ಯಾರು ಅಂತಲೂ ಬರೆದಿರಬೇಕು.

ಹಾಗಾದರೆ ಇಂಥ ಸಹಭಾಗಿತ್ವದಿಂದ ನಮ್ಮ ದೇಶದಲ್ಲಿ ಎಲ್ಲೂ ಒಳ್ಳೆಯದಾಗಿಲ್ಲವಾ ಅಂದರೆ, ಆಗಿದೆ. ಅಹಮದಾಬಾದಿನದು ನನಗೆ ತುಂಬಾ ಇಷ್ಟವಾದ ಉದಾಹರಣೆ. 2010ರ ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 46.8 ಡಿಗ್ರಿ ಮುಟ್ಟಿತು. ಆ ತಿಂಗಳು ಸಾಮಾನ್ಯಕ್ಕಿಂತ 1,344 ಸಾವು ಜಾಸ್ತಿ ಆದವು ಅಂತ ಆಮೇಲಿನ ಲೆಕ್ಕದಲ್ಲಿ ಗೊತ್ತಾಯಿತು. ಅಲ್ಲಿನ ಪಾಲಿಕೆ ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ, ಅಮೆರಿಕದ ಎನ್‌ಆರ್‌ಡಿಸಿ ಎಂಬ ಪರಿಸರ ಸಂಸ್ಥೆ ಮತ್ತು ಅಲ್ಲಿನ ವಿಶ್ವವಿದ್ಯಾಲಯಗಳ ಜೊತೆ ಸೇರಿ 2013ರಲ್ಲಿ ಬಿಸಿಲಿನ ಕ್ರಿಯಾ ಯೋಜನೆ ಮಾಡಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ದೊಡ್ಡ ಕಟ್ಟಡ ಏನೂ ಕಟ್ಟಲಿಲ್ಲ. ಎಷ್ಟು ಡಿಗ್ರಿಗೆ ಯಾವ ಬಣ್ಣದ ಎಚ್ಚರಿಕೆ, ಯಾರು ಯಾರಿಗೆ ಫೋನ್ ಮಾಡಬೇಕು, ಆಸ್ಪತ್ರೆಯಲ್ಲಿ ಐಸ್ ಎಷ್ಟಿರಬೇಕು, ಕಟ್ಟಡ ಕೆಲಸದವರಿಗೆ ಮಧ್ಯಾಹ್ನ ಬಿಡುವು, ಅಲ್ಲಲ್ಲಿ ಕುಡಿಯುವ ನೀರು. ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡು ಬಿಸಿಲು ಬಡಿಯುವ ಮೇಲಿನ ಮಹಡಿಯಲ್ಲಿತ್ತು, ಅದನ್ನು ಕೆಳಗೆ ತಂದರು. ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಾವು ತಪ್ಪಿದವು ಅಂತ 2018ರ ಅಧ್ಯಯನದ ಅಂದಾಜು. ಹೊರಗಿನವರು ತಂದದ್ದು ಲೆಕ್ಕ ಹಾಕುವ ಜಾಣ್ಮೆ, ನಡೆಸಿದ್ದು ಊರಿನವರೇ.

ಸೂರತ್ ಕೂಡ ಹಾಗೆಯೇ. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಊರಿನ ಬಹುಭಾಗ ಮುಳುಗಿತ್ತು. 2008ರಿಂದ ರಾಕ್‌ಫೆಲರ್ ಫೌಂಡೇಶನ್‌ನ ಏಷ್ಯಾ ನಗರಗಳ ಜಾಲದಲ್ಲಿ ಸೇರಿ, ಅಣೆಕಟ್ಟು, ನದಿ, ಪಾಲಿಕೆ ಎಲ್ಲರನ್ನೂ ಜೋಡಿಸುವ ಪ್ರವಾಹ ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಿಕೊಂಡರು. ಅವರು ಮಾಡಿದ ಜಾಣ ಕೆಲಸ ಅಂದರೆ 2012ರಲ್ಲಿ ಸೂರತ್ ಹವಾಮಾನ ಬದಲಾವಣೆ ಟ್ರಸ್ಟ್ ಅಂತ ಊರಿನದೇ ಸಂಸ್ಥೆ ಕಟ್ಟಿದ್ದು. ಹೊರಗಿನ ದುಡ್ಡು ನಿಂತರೂ ಕೂತು ಮಾತಾಡುವ ಜಾಗ ಉಳಿಯಿತು. ಇದಕ್ಕೆ ಎದುರಾಗಿ ಚೆನ್ನೈ ನೋಡಿ. ಅದೇ ಫೌಂಡೇಶನ್ 2013ರಲ್ಲಿ ಶುರು ಮಾಡಿದ 100 ನಗರಗಳ ಕಾರ್ಯಕ್ರಮದಲ್ಲಿ ಚೆನ್ನೈ ಇತ್ತು. ಅದರ ಕಾರ್ಯತಂತ್ರದ ಪುಸ್ತಕ ಹೊರಬಂದದ್ದು 2019ರಲ್ಲಿ, ಊರಲ್ಲಿ ನೀರಿಲ್ಲದೆ ಜನ ಟ್ಯಾಂಕರ್ ಹಿಂದೆ ಓಡುತ್ತಿದ್ದ ವರ್ಷ. ಅದೇ ವರ್ಷ ಫೌಂಡೇಶನ್ ಕಾರ್ಯಕ್ರಮವನ್ನೇ ಮುಚ್ಚಿತು. ಕೊಡುವವರ ಆಸಕ್ತಿ ಬದಲಾದರೆ ಊರು ಏನೂ ಮಾಡಲು ಬರುವುದಿಲ್ಲ. ಇದು ಇಂಥ ಜಾಲಗಳ ನಿಜವಾದ ಅಪಾಯ.

ಫಾರಿನ್ ಟೂರಿನ ಬಗ್ಗೆ ಎರಡು ಮಾತು. ಸರ್ಕಾರಿ ನೌಕರರು ವಿದೇಶಿ ಸಂಸ್ಥೆಯ ಆತಿಥ್ಯದಲ್ಲಿ ಹೋಗಬೇಕಾದರೆ ವಿದೇಶಿ ದೇಣಿಗೆ, ಆತಿಥ್ಯ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ಪ್ರಕಾರ ಕೇಂದ್ರ ಗೃಹ ಸಚಿವಾಲಯದ ಅನುಮತಿ ಮೊದಲೇ ಬೇಕು, ರಾಜ್ಯದ ಒಪ್ಪಿಗೆಯೂ ಬೇಕು. ಹೋಗುವುದೇ ತಪ್ಪು ಅಂತ ನಾನು ಹೇಳಲಾರೆ, ಕಣ್ಣಾರೆ ನೋಡಿದ್ದು ಬೇರೆಯೇ. ಆದರೆ ಹೋಗಬೇಕಾದವರು ಇನ್ನೂ ಹತ್ತು ಹದಿನೈದು ವರ್ಷ ಅದೇ ಊರಲ್ಲಿ ಇರುವ ಕಿರಿಯ ಇಂಜಿನಿಯರ್, ಆರೋಗ್ಯ ನಿರೀಕ್ಷಕ, ಘಟಕದ ಮೇಸ್ತ್ರಿ. ಆರು ತಿಂಗಳಲ್ಲಿ ವರ್ಗವಾಗುವವರು ಹೋಗಿ ಬಂದರೆ ಕಲಿತದ್ದು ಅವರ ಜೊತೆಯೇ ಬೇರೆ ಊರಿಗೆ ಹೋಗುತ್ತದೆ. ಹಾಗೆ ನೋಡಿದರೆ ಕಸದ ವಿಷಯಕ್ಕೆ ಪ್ಯಾರಿಸ್‌ಗಿಂತ ಮೊದಲು ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ, ಛತ್ತೀಸ್‌ಗಢದ ಅಂಬಿಕಾಪುರದಲ್ಲಿ ಸ್ವಸಹಾಯ ಸಂಘದ ಹೆಂಗಸರು ನಡೆಸುವ ವ್ಯವಸ್ಥೆ ನೋಡಬೇಕು. ಅಲ್ಲಿಯ ಕಸ ನಮ್ಮ ಕಸದಂಥದ್ದೇ, ಸಂಬಳ, ಬಜೆಟ್ ಕೂಡ ನಮ್ಮದರ ಹತ್ತಿರದ್ದೇ.

ವಿರೋಧಿಸಬೇಕಾ, ಸುಮ್ನೆ ಇರಬೇಕಾ ಅಂತ ಕೇಳಿದ್ದೀರಿ. ಪೂರ್ತಿ ವಿರೋಧಿಸಿದರೆ ಅಪಾಯ ಏನೆಂದರೆ ಸ್ಪರ್ಧೆಯಲ್ಲಿ ಗೆದ್ದ ದುಡ್ಡು ಕೈತಪ್ಪಬಹುದು, ಕಸ ಮಾತ್ರ ಇದ್ದಲ್ಲೇ ಇರುತ್ತದೆ, ಕಸದ ಗುಡ್ಡೆಯ ಪಕ್ಕದ ಹಳ್ಳಿಯವರು ವಾಸನೆ ಕುಡಿಯುತ್ತಲೇ ಇರುತ್ತಾರೆ. ಸುಮ್ನೆ ಇದ್ದರೆ ಕಟ್ಟಡ ಎದ್ದು, ಫೋಟೋ ಆಗಿ, ಮೂರು ವರ್ಷಕ್ಕೆ ನಿಲ್ಲಬಹುದು. ನನ್ನ ಸಲಹೆ ಮಧ್ಯದ್ದು, ಕಷ್ಟದ್ದು: ಯೋಜನೆಯನ್ನು ಒಪ್ಪಿ, ನಿರ್ವಹಣೆಯ ಮೇಲೆ ಪಟ್ಟು ಹಿಡಿಯಿರಿ. ಯೋಜನೆ ಮುಗಿದ ಮೇಲೆ ಮೊದಲ ಐದು ವರ್ಷದ ಖರ್ಚು ಎಷ್ಟು, ಯಾರು ಕೊಡುತ್ತಾರೆ, ಪಾಲಿಕೆಯಲ್ಲಿ ಇದಕ್ಕೆ ಹೊಣೆಯಾದ ಕಾಯಂ ಹುದ್ದೆ ಯಾವುದು, ಈಗ ಕಸ ಆಯ್ದು ಬದುಕುವವರಿಗೆ ಏನು ಜಾಗ, ಇವಿಷ್ಟನ್ನು ನಿಮ್ಮ ಕಾರ್ಪೊರೇಟರ್ ಪಾಲಿಕೆ ಸಭೆಯಲ್ಲಿ ಕೇಳಿ ದಾಖಲೆ ಮಾಡಿಸುವ ಹಾಗೆ ಮಾಡಿ. ಇದಕ್ಕೆ ತಾಳ್ಮೆ ಬೇಕು, ವಾಕಿಂಗ್ ಗೆಳೆಯರ ಗುಂಪು ಇದಕ್ಕೆ ತಕ್ಕದ್ದೇ. ಸಾಧ್ಯವಾದರೆ ಒಂದು ದಿನ ಹುಬ್ಬಳ್ಳಿಗೂ ಹೋಗಿ ಬನ್ನಿ. ಸಿಟೀಸ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದ 12 ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಇತ್ತು, ಉಣಕಲ್ ನಾಲೆಯ ಪಕ್ಕ ಹಸಿರು ದಾರಿ ಮಾಡುವ ಯೋಜನೆ. ಅಲ್ಲಿ ಈಗ ಯಾರು ಗುಡಿಸುತ್ತಾರೆ, ಯಾರು ದೀಪ ಹಾಕುತ್ತಾರೆ ಅಂತ ಪಕ್ಕದ ಮನೆಯವರನ್ನು ವಿಚಾರಿಸಿ. ಕಟ್ಟಿದ ಮೇಲೆ ಏನಾಗುತ್ತದೆ ಅನ್ನುವುದು ಪಾಲಿಕೆಯ ವರದಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ತೀರಾ ಅನ್ಯಾಯ ಅನಿಸಿದರೆ, ಅಂದರೆ ಜಾಗ ಕಸಿದರು, ಹೊಗೆ, ಕೊಳೆ ನೀರು ಬಿಟ್ಟರು ಅಂತ ಆದರೆ, ಸಾಲ ಕೊಟ್ಟವರಿಗೇ ದೂರು ಕೊಡಬಹುದು. ವಿಶ್ವಬ್ಯಾಂಕ್, ಎಡಿಬಿ, ಎಎಫ್‌ಡಿ ಎಲ್ಲದರಲ್ಲೂ ದೂರು ಕೇಳುವ ವ್ಯವಸ್ಥೆ ಇದೆ. ಅದು ಕೊನೆಯ ಬಾಗಿಲು, ಮೊದಲು ಇಲ್ಲಿಯ ಬಾಗಿಲು ತಟ್ಟಿರಬೇಕು.

ಕಾಗದದ ವಿಷಯ ಹೇಳಿ ಮುಗಿಸುತ್ತೇನೆ. ಖಂಡಿತ ಸಿಗುತ್ತದೆ. ಸ್ಮಾರ್ಟ್ ಸಿಟಿ ಕಂಪನಿಯೂ ಸರ್ಕಾರದ್ದೇ, ಹಾಗಾಗಿ ಆರ್‌ಟಿಐ ಅದಕ್ಕೂ ಅನ್ವಯಿಸುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ. ಹಾಗಾಗಿ ಮೂರು ಅರ್ಜಿ ಹಾಕಿ. ಒಂದರಲ್ಲಿ ಒಪ್ಪಂದದ ಪ್ರತಿ ಮತ್ತು ಯಾರ ಪಾಲು ಎಷ್ಟು ಅನ್ನುವ ಪುಟ, ಇನ್ನೊಂದರಲ್ಲಿ ಕಸದ ಪರೀಕ್ಷೆಯ ವರದಿ, ಮೂರನೆಯದರಲ್ಲಿ ನಿರ್ವಹಣೆ ಮತ್ತು ಹಸ್ತಾಂತರದ ಷರತ್ತು. ಅಭಿಪ್ರಾಯ ಕೇಳಬೇಡಿ, ದಾಖಲೆಯ ಪ್ರತಿ ಕೇಳಿ. ಕಾಗದ ಇಂಗ್ಲಿಷಿನಲ್ಲಿ, ದಪ್ಪಗೆ ಇರುತ್ತದೆ. ಮೂರನೇ ಅರ್ಜಿಯ ಉತ್ತರ ಬಂದ ಮೇಲೆ ಅರ್ಥವಾಗದ ಭಾಗ ಇದ್ದರೆ ಇಲ್ಲಿಗೇ ಬರೆಯಿರಿ, ಸಾಲು ಸಾಲಾಗಿ ಕೂತು ನೋಡೋಣ.